ಅಂಪಾರಮ್ಮನ ಹಣೆ

ಅಂಪಾರಮ್ಮನ ಹಣೆಯನ್ನು ನಾನು ಎಲ್ಲಿ ನೋಡಿದರೂ ಗುರುತಿಸಬಲ್ಲೆ. ಅಗಲವಾದ ಹಣೆ, ಅಡ್ಡಕ್ಕೆ ಮೂರು ಗೆರೆ, ಎಡ ಹುಬ್ಬಿನ ಮೇಲೆ ಉದ್ದಿನ ಕಾಳಿನಷ್ಟು ಒಂದು ಮಚ್ಚೆ, ಮೇಲೆ ಹಿಂದಕ್ಕೆ ಬಾಚಿದ ಬಿಳಿ ಕೂದಲು. ಮೂಗು, ಬಾಯಿ ಹೇಗಿದ್ದವು ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕು. ಅವರು ಫೋನು ಹಿಡಿಯುತ್ತಿದ್ದುದೇ ಹಾಗೆ. ವಿಡಿಯೋ ಕಾಲ್‌ನಲ್ಲಿ ಕೆಳಗಿನ ಅಂಚಿಗೆ ಅವರ ಹಣೆ, ಉಳಿದದ್ದೆಲ್ಲ ಅವರ ಮನೆಯ ಬಿಳಿ ಸೀಲಿಂಗು ಮತ್ತು ಒಂದು ಗಾಜಿನ ದೀಪ. ನಾನೂ ಕಡಿಮೆಯಿರಲಿಲ್ಲ. ಅವರಿಗೆ ಕಾಣುತ್ತಿದ್ದುದು ನನ್ನ ಗಲ್ಲ ಮತ್ತು ಕುತ್ತಿಗೆಯಂತೆ. “ನಿಮ್ಮಿಬ್ಬರನ್ನೂ ಸೇರಿಸಿದರೆ ಸರಿಯಾಗಿ ಒಂದು ಮುಖ ಆಗ್ತದೆ ಅಜ್ಜಿ” ಎಂದು ಶ್ರಾವ್ಯ ತಮಾಷೆ ಮಾಡುತ್ತಿದ್ದಳು.

ಮೊನ್ನೆ ನನ್ನ ಫೋನಿನಲ್ಲಿ ಆ ಹಣೆಯ ಚಿತ್ರ ನೋಡಿ ನೀವಿಬ್ಬರೂ “ಅಜ್ಜಿ, ಹೂ ಈಸ್ ದಿಸ್?” ಎಂದು ಕೇಳಿದಿರಿ. ನಾನು ಬಾಯಿ ತೆರೆಯುವುದರೊಳಗೆ ಆಟಕ್ಕೆ ಓಡಿದಿರಿ. ಒಳ್ಳೆಯದೇ ಆಯಿತು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನಾನು, ಮೇಷ್ಟ್ರು ಹೆಸರು ಕರೆದರೆ “ಹಾಜರ್” ಎನ್ನಲೂ ಹೆದರಿ ಕೈ ಮಾತ್ರ ಎತ್ತುತ್ತಿದ್ದವಳು. ಅದಕ್ಕೇ ಬರೆದಿಡುತ್ತಿದ್ದೇನೆ. ಓದಲು ಕಷ್ಟವಾದರೆ ಅಪ್ಪನ ಹತ್ತಿರ ಓದಿಸಿಕೊಳ್ಳಿ.

ನಿಮ್ಮ ಅಕ್ಕ ಶ್ರಾವ್ಯ ನೀರಾವರಿಯ ವಿಷಯ ಓದಲು ಸ್ಪೇನಿನ ವಲೆನ್ಸಿಯಾ ಎಂಬ ಊರಿಗೆ ಹೋದಾಗ ನೀವು ಚಿಕ್ಕವರು. ಅಲ್ಲಿ ಅವಳಿಗೆ ಬಾಡಿಗೆಗೆ ಕೋಣೆ ಕೊಟ್ಟವರು ಈ ಅಂಪಾರೋ, ನನ್ನ ಬಾಯಲ್ಲಿ ಅಂಪಾರಮ್ಮ. ನನ್ನಂತೆಯೇ ಗಂಡ ತೀರಿಕೊಂಡ ಒಂಟಿ ಹೆಂಗಸು. ಊಟ ತಿಂಡಿಯೂ ಅವರ ಮನೆಯಲ್ಲೇ ಎಂದು ಮಾತಾಗಿತ್ತು. ಆ ಒಂದು ಧೈರ್ಯದ ಮೇಲೆ ನಿಮ್ಮ ಅಪ್ಪ ಒಪ್ಪಿದ. ಆದರೂ ಇಲ್ಲಿ ಮಸ್ಕತ್ತಿನ ಒಂದು ಕಾಲೇಜಿನಲ್ಲಿ ಸೀಟು ಹಿಡಿದಿಟ್ಟಿದ್ದ. “ಹದಿನೈದು ದಿವಸ ನೋಡು. ಆಗದಿದ್ರೆ ಖಲಾಸ್, ವಾಪಸ್ ಬಾ. ಅದರ ನಂತರ ಇಲ್ಲಿಯ ಸೀಟೂ ಇಲ್ಲ” ಎಂದು ವಿಮಾನ ನಿಲ್ದಾಣದಲ್ಲಿ ಹೇಳಿದ್ದ.

ಶ್ರಾವ್ಯ ದಿನವೂ ನನಗೆ ಫೋನು ಮಾಡುತ್ತಿದ್ದಳು. ಮಸ್ಕತ್ತಿನ ಅಲ್ ಮವಾಲೇಹ್‌ನ ಈ ಮನೆಯಲ್ಲಿ ಹಗಲು ಇರುತ್ತಿದ್ದವಳು ನಾನೊಬ್ಬಳೇ. ನಾನು ಸಂಜೆಯ ಚಾ ಇಡುವ ಹೊತ್ತು ಅವಳಿಗೆ ಮಧ್ಯಾಹ್ನದ ಊಟದ ಹೊತ್ತು. ಮೂರು ಗಂಟೆಗೆ ಊಟ, ರಾತ್ರಿಯದು ಹತ್ತಕ್ಕೆ ಎಂದರೆ ಯಾವ ಲೆಕ್ಕವೋ ನನಗೆ ತಿಳಿಯಲಿಲ್ಲ. ಅವಳು ಹೇಳುತ್ತಿದ್ದುದೆಲ್ಲವೂ ಹಾಗೆಯೇ. ನಾಲ್ಕು ತಿಂಗಳು ಫೋನಿನಲ್ಲಿ ಸ್ಪ್ಯಾನಿಷ್ ಕಲಿತು ಹೋದರೆ ಬೀದಿಯ ಬೋರ್ಡುಗಳೆಲ್ಲ ಅಲ್ಲಿಯದೇ ಇನ್ನೊಂದು ಭಾಷೆಯಲ್ಲಿದ್ದವಂತೆ. ಟ್ರಾಮಿನಲ್ಲಿ ತಪ್ಪು ಕಡೆಗೆ ಹೋಗಿ ಸಮುದ್ರ ಕಂಡ ಮೇಲೆ ಇಳಿದಳಂತೆ. ಯಾರೋ ಪರಿಚಯವಾದವರು ಎರಡೂ ಕೆನ್ನೆಗೆ ಮುತ್ತು ಕೊಟ್ಟರೆ ಇವಳು ಕೈಮುಗಿದು ನಿಂತಿದ್ದಳಂತೆ. “ಮಧ್ಯಾಹ್ನ ಇಡೀ ಬೀದಿಯ ಅಂಗಡಿ ಬಂದ್ ಅಜ್ಜಿ, ಯಾರಾದ್ರೂ ಸತ್ತಿದ್ದಾರಾ ಅಂತ ಹೆದರಿಕೆ ಆಯ್ತು” ಎಂದಳು.

“ಸುವೈಕ್‌ನಲ್ಲಿ ನಾವಿದ್ದಾಗ ಮಧ್ಯಾಹ್ನ ಯಾವ ಅಂಗಡಿ ತೆರೆದಿತ್ತು? ಮಲಗಿರ್ತಾರೆ ಮಾರಾಯ್ತಿ” ಎಂದು, ಮಸ್ಕತ್ತಿಗೆ ಬರುವ ಮೊದಲು ನಾವಿದ್ದ ಆ ಊರನ್ನು ನೆನಪಿಸಿದೆ. ನನಗೆ ಅರ್ಥವಾದ ಒಂದೇ ಸಂಗತಿ ಅದು.

ಐದನೆಯ ದಿನದ ಹೊತ್ತಿಗೆ ಅವಳ ಧ್ವನಿ ಇಳಿದಿತ್ತು. ಊಟ ಆಯಿತೇ ಎಂದರೆ “ಆಯ್ತು” ಎನ್ನುತ್ತಿದ್ದಳು. ಹೊಟ್ಟೆ ತುಂಬಿದವರ “ಆಯ್ತು” ಬೇರೆ, ಇದು ಬೇರೆ. ಆರನೆಯ ದಿನ ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟಳು.

“ಬಾಳೆಹಣ್ಣು, ಬ್ರೆಡ್ಡು ತಿನ್ನುವುದು ಅಜ್ಜಿ. ಕೋಣೆಯಲ್ಲಿ.”

“ಯಾಕೆ, ಅವರು ಅಡುಗೆ ಮಾಡುವುದಿಲ್ವಾ?”

“ಮಾಡ್ತಾರೆ. ಅಗಲ ಬಾಣಲೆಯಲ್ಲಿ ಅನ್ನ, ಅವರೆ ಹಾಕಿ, ಮೀನು ಹಾಕಿ. ಬೀದಿಯವರೆಗೆ ಪರಿಮಳ ಬರ್ತದೆ.”

“ಮತ್ತೆ?”

“ಮೊದಲ ದಿನ ಬಡಿಸಲಿಕ್ಕೆ ಬಂದ್ರು. ಬೇಡ ಬೇಡ ಅಂದೆ. ಅವರು ಸರಿ ಅಂತ ತೆಗೆದುಕೊಂಡು ಹೋದ್ರು. ಒಂದೇ ಸಲ ಕೇಳಿದ್ದು ಅಜ್ಜಿ! ಮಾರನೆ ದಿನವೂ ಹಾಗೇ. ಈಗ ನಾನಾಗಿ ಹೇಗೆ ಕೇಳುವುದು? ನನಗೆ ಆಗುವುದಿಲ್ಲ ಅಜ್ಜಿ. ನಾನು ಬರ್ತೇನೆ.”

ನನಗೆ ಸಿಟ್ಟು ಬಂತು. ಅನ್ನ ಮಾಡಿ ಎದುರಿಗಿಟ್ಟು, ಮಗು ನಾಚಿಕೆಯಿಂದ ಬೇಡ ಎಂದರೆ ಎತ್ತಿಕೊಂಡು ಹೋಗುವ ಹೆಂಗಸು ಯಾವ ಜಾತಿಯವಳು? ನಮ್ಮಲ್ಲಿ ಮೊದಲ “ಬೇಡ” ಯಾರ ಕಿವಿಗಾದರೂ ಬೀಳುತ್ತದೆಯೇ? ಮೂರನೆಯದೂ ಬೀಳುವುದಿಲ್ಲ. ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಸುರಿಯುವವರು ನಾವು. ಶ್ರಾವ್ಯಳನ್ನು ಹಾಗೆ ಬೆಳೆಸಿದವಳು ನಾನೇ. ಯಾರ ಮನೆಗೆ ಹೋದರೂ ಕೊಟ್ಟ ಕೂಡಲೇ ತೆಗೆದುಕೊಳ್ಳಬೇಡ, ಆಸೆಬುರುಕಿ ಎನ್ನುತ್ತಾರೆ ಎಂದು ಕಲಿಸಿದ್ದೆ.

ಒಂದು ನಿಜ ಹೇಳಬೇಕು. “ಬಾ” ಎಂದು ನಾನು ಒಂದು ಮಾತು ಹೇಳಿದ್ದರೆ ಅವಳು ಬಂದುಬಿಡುತ್ತಿದ್ದಳು. ಎರಡು ರಾತ್ರಿ ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಲ್ಲದ ಮನೆ ನನಗೂ ಬೇಡವಾಗಿತ್ತು. ಆದರೆ ಅವಳು ಆ ಊರಿನ ನಕ್ಷೆಯನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡು ವರ್ಷವಿಡೀ ಓದಿದ್ದನ್ನು ನೋಡಿದವಳೂ ನಾನೇ. ಏಳನೆಯ ತರಗತಿಗೆ ನನ್ನ ಶಾಲೆ ನಿಂತಾಗಲೂ ಎಲ್ಲರೂ “ಮನೆಯಲ್ಲೇ ಇರು” ಎಂದು ನನ್ನ ಒಳ್ಳೆಯದಕ್ಕೇ ಹೇಳಿದ್ದರು.

ಎಂಟನೆಯ ದಿನ “ಅವರಿಗೆ ಫೋನು ಕೊಡು” ಎಂದೆ. ಇಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ ಬೆರಳು ತೋರಿಸಿ ಬೆಂಡೆಕಾಯಿ ಕೊಳ್ಳುವ ನನಗೆ ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಫೋನಿನಲ್ಲಿ ಹಣೆ ಬಂತು. ನಾನು ತುಳುವಿನಲ್ಲಿ ಏನೋ ಹೇಳಿದೆ. ಹಣೆ ಸ್ಪ್ಯಾನಿಷಿನಲ್ಲಿ ಏನೋ ಹೇಳಿತು. “ನಮ್ಮ ಹುಡುಗಿಗೆ ಹಸಿವು ಅಂತ ಹೇಳು” ಎಂದು ಶ್ರಾವ್ಯಳಿಗೆ ಹೇಳಿದರೆ, “ಅಯ್ಯೋ ಬೇಡ ಅಜ್ಜಿ, ಮರ್ಯಾದೆ ಹೋಗ್ತದೆ” ಎಂದು ಬಾಯಿ ಮುಚ್ಚಿಕೊಂಡಳು.

ಆಗ ನನ್ನ ಕಣ್ಣು ಕಪಾಟಿನಲ್ಲಿದ್ದ ಫಿಂಜಾನಿನ ಮೇಲೆ ಬಿತ್ತು. ಫಿಂಜಾನ್ ಎಂದರೆ ಇಲ್ಲಿಯವರು ತಮ್ಮ ಕಹ್ವಾ ಕಾಫಿ ಕುಡಿಯುವ, ಹಿಡಿಯಿಲ್ಲದ ಪುಟ್ಟ ಬಟ್ಟಲು ಎಂದು ನಿಮಗೆ ಗೊತ್ತು. ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ಈ ದೇಶಕ್ಕೆ ಬಂದಾಗ ಅದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಜುವೈನಾ ಕರೆದಳೆಂದು ಶ್ರಾವ್ಯಳ ಕೈ ಹಿಡಿದುಕೊಂಡು ಹೋಗಿದ್ದೆ. ಅವಳು ಕಹ್ವಾ ಸುರಿದಳು, ಕುಡಿದೆ. ಮತ್ತೆ ಸುರಿದಳು, ಮತ್ತೆ ಕುಡಿದೆ. ಬಟ್ಟಲು ಖಾಲಿಯಾದರೆ ಅವಳು ಬಿಡಳು, ತುಂಬಿದ್ದನ್ನು ಬಿಡಲು ನನಗೆ ನಾಚಿಕೆ. ಒಂಬತ್ತನೆಯ ಬಟ್ಟಲಿಗೆ ನನ್ನ ಎದೆ ಡವಗುಟ್ಟತೊಡಗಿದಾಗ ಎಂಟು ವರ್ಷದ ಶ್ರಾವ್ಯ ಕಿವಿಯಲ್ಲಿ, “ಅಜ್ಜಿ, ಕಪ್ಪನ್ನು ಹೀಗೆ ಅಲ್ಲಾಡಿಸಿ. ಇಲ್ಲದಿದ್ರೆ ಅವರು ನಾಳೆಯವರೆಗೂ ಕೊಡ್ತಾರೆ” ಎಂದಳು. ಅಲ್ಲಾಡಿಸಿದರೆ ಸಾಕು ಎಂದು ಅರ್ಥ. ಅಲ್ಲಾಡಿಸುವವರೆಗೂ ಸಾಕಾಗಿಲ್ಲ ಎಂದೇ ಅರ್ಥ.

ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದೆ. ಫಿಂಜಾನಿಗೆ ಚಾ ಸುರಿದು ಕುಡಿದೆ. ಮತ್ತೆ ಸುರಿದೆ, ಕುಡಿದೆ. ಮೂರನೆಯ ಸಲ ಕುಡಿದು ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟೆ. ಹಣೆಯ ಮೂರು ಗೆರೆ ಐದಾದವು. ಆಮೇಲೆ ಹಣೆ ಮಾಯವಾಯಿತು. ಸಿಟ್ಟು ಬಂತೇನೋ ಎಂದುಕೊಂಡೆ. ಎರಡು ನಿಮಿಷ ಬಿಟ್ಟು ಅವರು ತಮ್ಮದೊಂದು ಕಾಫಿ ಲೋಟ ಹಿಡಿದುಕೊಂಡು ಬಂದು, ಅದನ್ನು ನನ್ನ ಕಡೆಗೆ ಎತ್ತಿ, ಏನೋ ಹೇಳಿ, ಗಟಗಟನೆ ಕುಡಿದರು.

“ಅಜ್ಜಿ, ನಿಮ್ಮ ಆರೋಗ್ಯಕ್ಕೆ ಅಂತ ಹೇಳ್ತಿದ್ದಾರೆ!” ಎಂದು ಶ್ರಾವ್ಯ ನಕ್ಕಳು. ಎಂಟು ದಿನಗಳಲ್ಲಿ ಮೊದಲ ನಗು. ನಗುತ್ತ ನಗುತ್ತ ಅದು ಅಳುವಾಯಿತು. ಅಳುತ್ತಲೇ ತನ್ನ ಹರಕುಮುರುಕು ಸ್ಪ್ಯಾನಿಷಿನಲ್ಲಿ ಫಿಂಜಾನಿನ ಕಥೆಯನ್ನೂ, ನಮ್ಮ “ಬೇಡ”ದ ಕಥೆಯನ್ನೂ ಹೇಳಿಬಿಟ್ಟಳು.

ಆಗ ಹಣೆ ಮೆಲ್ಲನೆ ಮೇಲೆ ಸರಿಯಿತು. ಮೊದಲ ಸಲ ಅವರ ಕಣ್ಣು ಕಂಡವು. ನನ್ನಷ್ಟೇ ಗೊಂದಲಗೊಂಡ ಕಣ್ಣುಗಳು. “ಎಂಟು ದಿನ ಹಸಿದಿದ್ದೆಯಾ, ನನ್ನ ಮನೆಯಲ್ಲಿ?” ಎಂದು ಅವರು ಕೇಳಿದ್ದನ್ನು ಶ್ರಾವ್ಯ ಆಮೇಲೆ ಹೇಳಿದಳು. ಚಿಕ್ಕಂದಿನಲ್ಲಿ ಅವರಿದ್ದ ಹಾಸ್ಟೆಲಿನಲ್ಲಿ ಬೇಡವೆಂದರೂ ತಟ್ಟೆ ಮುಗಿಸುವವರೆಗೆ ಏಳಲು ಬಿಡುತ್ತಿರಲಿಲ್ಲವಂತೆ. ತಣ್ಣಗಾದ ಬೇಳೆಯ ಎದುರು ಸಂಜೆಯವರೆಗೆ ಕೂತು ವಾಂತಿ ಮಾಡಿಕೊಂಡಿದ್ದರಂತೆ. ಮುಂದೆ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿದಾಗ, ಬೇಡ ಎಂದ ಮಗುವಿನ ತಟ್ಟೆಗೆ ಒಂದು ಚಮಚವನ್ನೂ ಹಾಕಲಿಲ್ಲವಂತೆ. “ಬೇಡ ಅಂದವರನ್ನು ಗೌರವಿಸಬೇಕು” ಎಂಬುದು ಅವರ ಮಾತು. ಇದನ್ನು ಕೇಳಿ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ನಾನು ಬಡಿಸಿ ಬಡಿಸಿ ಅಳಿಸಿದ ಮಕ್ಕಳ ನೆನಪಾಯಿತು. ನಿಮ್ಮ ಅಪ್ಪನೂ ಒಬ್ಬ.

ಅಂದಿನಿಂದ ಆ ಮನೆಯಲ್ಲಿ ಹೊಸ ಕ್ರಮ ಬಂತು. ಅವರು ಒತ್ತಾಯ ಮಾಡುತ್ತಿರಲಿಲ್ಲ, ಅದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಆದರೆ ಬಾಣಲೆಯನ್ನು ಮೇಜಿನ ಮೇಲೇ ಇಡುತ್ತಿದ್ದರು. ಶ್ರಾವ್ಯ ತನ್ನ ಲೋಟ ಅಲ್ಲಾಡಿಸುವವರೆಗೆ ಅದು ಅಲ್ಲಿಂದ ಏಳುತ್ತಿರಲಿಲ್ಲ. ಹದಿನೈದನೆಯ ದಿನ ನಿಮ್ಮ ಅಪ್ಪ ಫೋನು ಮಾಡಿ “ಎಂತ ಮಾಡ್ತಿ, ಬರ್ತೀಯಾ?” ಎಂದು ಕೇಳಿದಾಗ ಅವಳು ಬಾಯಿ ತುಂಬ ಅನ್ನ ಇಟ್ಟುಕೊಂಡು “ಊಟ ಮಾಡ್ತಿದ್ದೇನೆ ಪಪ್ಪಾ, ಮತ್ತೆ ಫೋನು ಮಾಡ್ತೇನೆ” ಎಂದಳು. ಇಲ್ಲಿಯ ಸೀಟು ಹೋಯಿತು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತು ಬಂದೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಆಮೇಲೆ ಅಂಪಾರಮ್ಮ ತಾವಾಗಿಯೇ ನನಗೆ ಫೋನು ಮಾಡತೊಡಗಿದರು. ಕಿಟಕಿಯ ಪರದೆ ಎಳೆಯುವುದನ್ನು ತೋರಿಸುವರು, ಟೊಮೆಟೊ ತೋರಿಸುವರು. ನಾನು ಗಾಬರಿಯಾದಂತೆ ಕಂಡರೆ “ತ್ರಾಂಕೀಲಾ, ತ್ರಾಂಕೀಲಾ” ಎನ್ನುವರು. ಸಮಾಧಾನ ಎಂದು ಅರ್ಥವಂತೆ. ಭಾಷೆ ಗೊತ್ತಿಲ್ಲದವರ ಮುಂದೆ ನನಗೆ ನಾಚಿಕೆಯೂ ಇರಲಿಲ್ಲ. ನಿಮ್ಮ ಅಜ್ಜನ ಕೊನೆಯ ದಿನ ನಾನು ಅವರ ಮೇಲೆ ಸಿಡುಕಿದ್ದನ್ನು, ಯಾರಿಗೂ ಹೇಳದ್ದನ್ನು, ಆ ಹಣೆಗೆ ತುಳುವಿನಲ್ಲಿ ಹೇಳಿದ್ದೇನೆ. ಅವರೂ ಒಂದು ದಿನ ತಗ್ಗಿದ ಧ್ವನಿಯಲ್ಲಿ ತುಂಬ ಹೊತ್ತು ಏನೋ ಹೇಳಿದರು. ಏನೆಂದು ನನಗೆ ಗೊತ್ತಿಲ್ಲ. “ತ್ರಾಂಕೀಲಾ” ಎಂದೆ. 

ಎರಡು ವರ್ಷ ಕಳೆಯಿತು. ಶ್ರಾವ್ಯಳ ಓದು ಮುಗಿಯಿತು. ಅಂಪಾರಮ್ಮನಿಗೆ ಕಣ್ಣು ಮಂಜಾಗಿ, ಮನೆ ಬಿಟ್ಟು ಗುಡ್ಡದ ಕಡೆ ಹಳ್ಳಿಯಲ್ಲಿರುವ ತಂಗಿಯ ಜೊತೆ ಇರುವುದೆಂದಾಯಿತು. ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲವಂತೆ. ಹೊರಡುವ ದಿನ ಮಧ್ಯಾಹ್ನ ಕರೆ ಬಂತು. ಹಿಂದೆ ಗಾಜಿನ ದೀಪ ಇರಲಿಲ್ಲ, ಬರೀ ತಂತಿ ನೇತಾಡುತ್ತಿತ್ತು. ನಾನು ಫಿಂಜಾನ್ ತಂದೆ. ಅವರು ಲೋಟ ತಂದರು. ಇಬ್ಬರೂ ಕುಡಿದೆವು.

ಕುಡಿದು ಮುಗಿಸಿ ಅವರು ಲೋಟವನ್ನು ಹಣೆಯ ಪಕ್ಕಕ್ಕೆ ಎತ್ತಿ ಹಿಡಿದರು. ಖಾಲಿ ಲೋಟ. ಅಲ್ಲಾಡಿಸುತ್ತಾರೆ ಎಂದು ನಾನು ಕಾದೆ. ಕೆಳಗಿನಿಂದ ಕಾರಿನ ಹಾರ್ನು ಕೇಳಿಸಿತು, ಶ್ರಾವ್ಯ ಅವರನ್ನು ಕರೆದಳು. ಅವರು ಅಲ್ಲಾಡಿಸಲಿಲ್ಲ. ಫೋನು ಕಪ್ಪಾಗುವವರೆಗೂ ಆ ಲೋಟ ಹಾಗೇ, ಕದಲದೆ ನಿಂತಿತ್ತು. ನನ್ನದೂ.