ಕಾಡಿಗೆ ಹೋದ ನೀರಿನ ಕೂಜ

ಹಾರುವ ಕಪ್ಪೆಯನ್ನು ನೋಡಬೇಕೆಂಬ ಆಸೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಪ್ಪತ್ತರ ದಶಕದ ಹಿರಿಯೂರಿನಲ್ಲಿ, ಮದುವೆ ಗೊತ್ತಾದ ಹುಡುಗಿ ಬಾಯಿಬಿಟ್ಟು ಹೇಳುವಂಥ ಆಸೆ ಅದಲ್ಲ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಘಟ್ಟದ ಕಾಡಿನ ಆ ಕಪ್ಪೆಯನ್ನು ಗಾಜಿನ ಸೀಸೆಯೊಳಗೆ ನೋಡಿದ್ದೆ. ಬಣ್ಣ ಕಳೆದುಕೊಂಡು ಮುದುಡಿ ಕೂತಿತ್ತು. ಜೀವಂತವಾಗಿ ನೋಡಬೇಕೆಂದರೆ ಮುಂಗಾರು ಜೋರಾಗಿ ಸುರಿಯುವಾಗಲೇ ಹೋಗಬೇಕು. ಮಿಕ್ಕ ಕಾಲದಲ್ಲಿ ಅದು ಮರದ ತುದಿ ಬಿಟ್ಟು ಇಳಿಯುವುದೇ ಅಪರೂಪ. ದೀಪಾವಳಿ ಕಳೆದ ಮೇಲೆ ನನ್ನ ಮದುವೆ. ಆಮೇಲೆ ನಾನು ಎಲ್ಲಿಗೆ, ಯಾವಾಗ ಹೋಗಬೇಕೆಂಬುದನ್ನು ಬೇರೆ ಮನೆಯವರು ತೀರ್ಮಾನಿಸುವವರಿದ್ದರು. ನನಗಿದ್ದದ್ದು ಅದೊಂದೇ ಮಳೆಗಾಲ.

ಮಳೆಯಲ್ಲಿ ಕಾಡಿಗೆ ಹೋಗುತ್ತೇನೆಂದರೆ ಅಪ್ಪ ಒಪ್ಪುವವರಲ್ಲ. ಅವರು ಕಾಲವನ್ನು ಲೆಕ್ಕ ಹಾಕುತ್ತಿದ್ದದ್ದು ಮಳೆ ನಕ್ಷತ್ರಗಳಿಂದ. ನಮ್ಮ ಕಡೆ ಜೂನ್ ಕೊನೆಯ ಆರಿದ್ರಾ ಎಂದರೆ ಬರೀ ಗಾಳಿ, ಧೂಳು. ಮೋಡಗಳು ನಮ್ಮನ್ನು ಮಾತಾಡಿಸದೆ ಹಾದುಹೋಗುತ್ತವೆ. ಕೆರೆಗೆ ನೀರು ಬರುವಂಥ ಮಳೆ ಹಸ್ತಾ, ಚಿತ್ತಾದಲ್ಲಿ, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ. ಹೊಳಲ್ಕೆರೆಯಿಂದಾಚೆ ಪಡುವಣಕ್ಕೆ ಅಪ್ಪ ಎಂದೂ ಹೋದವರಲ್ಲ. ಆಕಾಶ ಒಂದೇ ಆದಮೇಲೆ ಆರಿದ್ರಾವೂ ಎಲ್ಲ ಕಡೆ ಒಂದೇ ಎಂಬುದು ಅವರ ನಂಬಿಕೆ.

ಒಂದು ದಿನ ಮುದ್ದೆ ಬಡಿಸುತ್ತಾ, ತಲೆ ಎತ್ತದೆ, ಹಸ್ತಾ ಮಳೆ ಹೊತ್ತಿಗೆ ಘಟ್ಟದ ಕಾಡು ನೋಡಿಕೊಂಡು ಬರುತ್ತೇನೆ ಎಂದೆ.

"ಓದಿ ಓದಿ ತಲೆ ಕೆಟ್ಟೈತೇನವ್ವ? ಹಸ್ತಾದಾಗೆ ಮಳೆ ಹೊಡ್ದಾಕ್ತೈತೆ! ಹೋಗಾದಾದ್ರೆ ಈಗ್ಲೇ, ಆರಿದ್ರಾದಾಗೆ ಹೋಗಿ ಬಾ. ಒಂದು ಹನಿ ಬೀಳಲ್ಲ."

"ನೀವು ಹೇಳಿದಂಗೇ ಆಗ್ಲಿ ಅಪ್ಪ," ಎಂದು ಇನ್ನಷ್ಟು ಸಾರು ಬಿಟ್ಟೆ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. ಅಜ್ಜಿ ಅಪ್ಪನ ತಾಯಿ, ಬಾಗೂರು ಕಡೆಯ ಕುರಿ ಸಾಕುವ ಮನೆಯವರು. "ಲಗ್ನ ಆಗೋ ಹುಡುಗೀನ ಒಬ್ಳೇ ಬಿಡ್ತಾರೇನೋ? ಜೊತೆಗೆ ನಾನು ಹೋಗ್ತೀನಿ," ಎಂದರು.

ಹೊರಡುವ ದಿನ ಅಪ್ಪ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜದ ತುಂಬ ನೀರು ತುಂಬಿಸಿ ಕೊಟ್ಟರು. ಕಾಡಿನಲ್ಲಿ ನೀರು ಸಿಕ್ಕುತ್ತದೋ ಇಲ್ಲವೋ ಎಂದು ಅವರಿಗೆ ಚಿಂತೆ. ಅಜ್ಜಿ ಕರಿ ಕಂಬಳಿ ಮಡಿಚುತ್ತಿದ್ದರು.

"ಕಂಬಳಿ ಯಾಕವ್ವ?" ಎಂದರು ಅಪ್ಪ.

"ಗಾಳಿ ಐತಲ್ಲೋ."

ಹಾಗೆನ್ನುವಾಗ ಅಜ್ಜಿ ನನ್ನ ಕಡೆ ನೋಡಲಿಲ್ಲ. ಪ್ರಯತ್ನಪಟ್ಟು ನೋಡಲಿಲ್ಲ. ಆಗಲೇ ನನಗೆ ಅನುಮಾನ ಬಂತು.

ಶಿವಮೊಗ್ಗ ದಾಟಿದ ಮೇಲೆ ಬಸ್ಸಿನವರು ಕಿಟಕಿಯ ಟಾರ್ಪಾಲು ಇಳಿಬಿಟ್ಟರು. ಹೊರಗೆ ಏನೂ ಕಾಣುತ್ತಿರಲಿಲ್ಲ, ಸದ್ದು ಮಾತ್ರ.

"ನಿಮ್ಮಪ್ಪನ ಆರಿದ್ರಾ ಭಾರಿ ಜೋರೈತೆ ಕಣೇ," ಎಂದರು ಅಜ್ಜಿ.

"ಗೊತ್ತಿತ್ತಾ ನಿಂಗೆ?"

"ಲೇ, ನಮ್ಮಪ್ಪ ಮಲೆನಾಡಿನ ಅಂಚಿನಾಗೆ ಕುರಿ ಮೇಯಿಸ್ತಿದ್ದ. ಮುಂಗಾರು ಹತ್ತಾಕ್ ಮುಂಚೇನೆ ಕುರಿ ಹೊಡ್ಕಂಡು ಓಡಿ ಬರ್ತಿದ್ವಿ. ಆ ಮಳೆ ಎಂಗೈತೆ ಅಂತ ನಿಂತು ನೋಡಾಕೆ ಯಾರೂ ಬಿಡ್ಲೇ ಇಲ್ಲ."

ನಾವು ಇಳಿದುಕೊಂಡದ್ದು ಕಾಡಿನಂಚಿನ ಛತ್ರದಲ್ಲಿ. ಅಜ್ಜಿ ಕಂಬಳಿಯನ್ನು ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತರು. ಕಾಲಿಗೆ ಹತ್ತಿದ ಜಿಗಣೆಗಳಿಗೆ ತಮ್ಮ ಸುಣ್ಣದ ಡಬ್ಬಿಯಿಂದ ಸುಣ್ಣ ಮುಟ್ಟಿಸುತ್ತಾ, "ಇವ್ಕೂ ಎಲೆ ಅಡಿಕೆ ಬೇಕೇನೋ," ಎಂದು ವಿಚಾರಿಸಿಕೊಂಡರು. ಊರಿನಿಂದ ತಂದ ನೀರನ್ನು ಚೆಲ್ಲಿ, ಕೂಜವನ್ನು ಸೂರಿನಿಂದ ಸುರಿಯುವ ನೀರಿಗೆ ಒಡ್ಡಿಟ್ಟರು.

ನಾನು ಮಳೆಯಲ್ಲಿ ತಿರುಗಿ ತಿರುಗಿ ಬರಿಗೈಲಿ ವಾಪಸು ಬರುತ್ತಿದ್ದೆ. ಮರಳುವ ಹಿಂದಿನ ಸಂಜೆ, ಛತ್ರದ ಹಿತ್ತಲಿನಿಂದ ಅಜ್ಜಿ ಕೂಗಿದರು. "ಯಾರೋ ಬಟ್ಟೆ ಒಗ್ದು ಸೋಪಿನ ನೊರೇನ ಮರದ ಮ್ಯಾಲೆ ಬಿಟ್ಟವ್ರೆ ನೋಡ್ಬಾರೇ!"

ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆ ತೂಗುತ್ತಿತ್ತು. ಅದು ಕಪ್ಪೆಯ ಗೂಡು. ಮೇಲಿನ ಎಲೆಯೊಂದು ಅಲುಗಿತು. ಹಸಿರಾದದ್ದೊಂದು ನಾಲ್ಕೂ ಪಾದ ಅಗಲಿಸಿ, ಬೆರಳ ನಡುವಿನ ಕೆಂಪು ಪೊರೆ ಬಿಚ್ಚಿ, ನಮ್ಮ ತಲೆಯ ಮೇಲೆ ಹಾದು ಎದುರಿನ ಗಿಡಕ್ಕೆ ಅಂಟಿಕೊಂಡಿತು.

ಅಜ್ಜಿ ಕಂಬಳಿಯ ಒಂದು ಅಂಚನ್ನು ನನ್ನ ತಲೆಯ ಮೇಲೆ ಎಳೆದರು.

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಧೂಳೇಳುತ್ತಿತ್ತು. "ನಾನು ಹೇಳಿರ್ಲಿಲ್ವಾ, ಆರಿದ್ರಾ ಬರೀ ಗಾಳಿ ಅಂತ," ಎನ್ನುತ್ತಾ ಅಪ್ಪ ಕಂಬಳಿಯನ್ನು ಎತ್ತಿಕೊಂಡರು. ಎತ್ತಿದವರು ಅಲ್ಲೇ ನಿಂತರು. ಅದು ತೊಯ್ದ ಟಗರಿನಷ್ಟು ಭಾರವಿತ್ತು, ವಾಸನೆಯೂ ಹಾಗೇ. ಅಜ್ಜಿ ಕೂಜದ ಮುಚ್ಚಳ ತಿರುಗಿಸಿ ಕೊಟ್ಟರು. ಅಪ್ಪ ಎತ್ತಿ ಕುಡಿದರು.

"ಯಾವ ಬಾವಿದವ್ವ? ಒಳ್ಳೆ ಸಿಹಿ ಐತೆ."

"ಅಲ್ಲಿ ಬಾವಿ ಮ್ಯಾಲೈತೆ ಕಣಪ್ಪ."

ಅಪ್ಪ ನನ್ನ ಪಾದದ ಜಿಗಣೆ ಗಾಯಗಳನ್ನು ನೋಡಿದರು, ಕಂಬಳಿಯನ್ನು ನೋಡಿದರು, ಇನ್ನೊಂದು ಗುಟುಕು ಕುಡಿದರು. ಮನೆ ಬಾಗಿಲಲ್ಲಿ ಮೆಲ್ಲಗೆ ಕೇಳಿದರು: "ಹಂಗಾದ್ರೆ ಹಸ್ತಾದಾಗೆ ಅಲ್ಲಿ ಎಂಗಿರ್ತೈತೆ?"

"ಗೊತ್ತಿಲ್ಲ ಅಪ್ಪ," ಎಂದೆ, ತಲೆ ಎತ್ತದೆ. "ಹೋಗಿ ನೋಡಬೇಕು."