ಉಂಗುರ ಮೂಡದ ಸೊಪ್ಪು

ಪ್ರಯೋಗಾಲಯದ ಸೊಪ್ಪಿನ ಸಾಹೇಬರು ರಸ್ತೆಗಿಳಿದರೆ ಬೇಲಿಯ ಗಿಡಗಳೆಲ್ಲ ಎಲೆ ಬಚ್ಚಿಟ್ಟುಕೊಳ್ಳುತ್ತವಂತೆ. ಯಾರು ಯಾವ ಮದ್ದಿನ ಸೊಪ್ಪನ್ನು ಹೊಗಳಿದರೂ ಸರಿ, ಅದನ್ನು ಕಿತ್ತು ತಂದು, ಅರೆದು, ರೋಗಾಣು ಹರಡಿದ ಗಾಜಿನ ತಟ್ಟೆಯಲ್ಲಿ ಒಂದು ತೊಟ್ಟು ರಸ ಬಿಡುತ್ತಾರೆ. ರೋಗಾಣು ಸತ್ತರೆ ರಸದ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ, ಮೂಡದಿದ್ದರೆ ಸಾಹೇಬರು ತಟ್ಟೆ ಸರಿಸಿ, "ಫೇಲು! ಮುಂದಿನವರು ಬನ್ನಿ" ಎನ್ನುತ್ತಾರೆ. ಮನೆಯ ಮೇಜಿನ ಮೇಲೆ ಲೋಟದ ದುಂಡು ಗುರುತು ಕಂಡರೂ ಅವರ ಜೇಬಿನಿಂದ ಸ್ಕೇಲು ಹೊರಬರುತ್ತದೆ. ಇಂಥವರು ಒಮ್ಮೆ, ಬಾಲ್ಯದಲ್ಲಿ ತಮ್ಮ ಮೊಣಕಾಲಿನ ಗಾಯಗಳನ್ನೆಲ್ಲ ವಾಸಿ ಮಾಡಿದ್ದ ಅಮ್ಮನ ಸೊಪ್ಪನ್ನೇ ಪರೀಕ್ಷೆಗೆ ಕೂರಿಸಿದರು. ಉಂಗುರ ಮೂಡಲಿಲ್ಲ. ಇನ್ನೊಂದು ತಟ್ಟೆಯಲ್ಲೂ ಇಲ್ಲ. ಸಾಹೇಬರಿಗೆ ಊಟ ಸೇರಲಿಲ್ಲ. "ಅಮ್ಮಾ, ನಿನ್ನ ಸೊಪ್ಪು ಫೇಲಾಯ್ತು ಕಣಮ್ಮ" ಎಂದು ಮುಖ ಸಪ್ಪಗೆ ಮಾಡಿಕೊಂಡು ಹೇಳಿದರೆ ಆ ತಾಯಿ ನಕ್ಕುಬಿಟ್ಟರು. "ಆಗ್ಲಿ ಬಿಡೋ. ಗಾಯ ತೊಳೀತೀನಿ ಅಂದ್ರೆ ನೀನು ಊರೆಲ್ಲ ಓಡ್ತಿದ್ದೆ. ಸೊಪ್ಪು ಹಚ್ತೀನಿ ಬಾ ಅಂದ್ರೆ ಮಹಾರಾಜನ ಥರ ಕಾಲು ಚಾಚ್ತಿದ್ದೆ. ಆಗ ನಾನು ಬಿಸಿನೀರಲ್ಲಿ ಚೆನ್ನಾಗಿ ತೊಳೆದುಬಿಡ್ತಿದ್ದೆ." ಈಗಲೂ ಉಂಗುರ ಮೂಡದಿದ್ದರೆ ಸಾಹೇಬರು ಫೇಲು ಎಂದೇ ಹೇಳುತ್ತಾರೆ, ಆದರೆ ಮುಂದಿನವರನ್ನು ಕರೆಯುವುದಿಲ್ಲ. ಸೊಪ್ಪನ್ನು ಹೊಗಳಿದವರ ಹತ್ತಿರ ಕುರ್ಚಿ ಎಳೆದುಕೊಂಡು, "ಈ ಸೊಪ್ಪು ಹಚ್ಚೋಕೆ ಮುಂಚೆ ನಿಮ್ಮನೇಲಿ ಏನೇನ್ ಮಾಡ್ತಿದ್ರು, ಅದನ್ನ ಹೇಳಿ" ಎನ್ನುತ್ತಾರೆ.