ಕಲ್ಲವ್ವನ ಕೋಟೆ ಹತ್ತುವ ಉಡ

ಪುಣೆಯ ಕಸಬಾ ಪೇಠೆಯ ನಮ್ಮ ವಾಡೆಯ ಹಿಂದಿನ ಕೋಣೆಯಲ್ಲಿ ಧಾರವಾಡ ಕಡೆಯ ಕುಂಬಾರರ ಕಲ್ಲವ್ವ ಇದ್ದಳು. ಮಣ್ಣಿನ ಗೊಂಬೆ ಮಾಡುವುದೆಂದರೆ ಅವಳಿಗೆ ಪ್ರಾಣ. ಆದರೆ ಅವಳ ಕೈಯ ಸಿಪಾಯಿಗಳೆಲ್ಲ ಡೊಳ್ಳುಹೊಟ್ಟೆಯವರೇ! ಒಬ್ಬರೂ ಕೊಳ್ಳಲಿಲ್ಲ. ‘ಹಬ್ಬ ಮುಗೀಲಿ, ಊರಿಗೆ ಹೋಗೂಣು’ ಎಂದು ಗಂಡ ಫಕೀರಪ್ಪ ಗಂಟು ಕಟ್ಟಿಟ್ಟ. ಊರಲ್ಲಿ ಗೊಂಬೆ ಮಾಡಿದರೆ ಮಣ್ಣು ಹಾಳೆಂದು ಅತ್ತೆ ಬಯ್ಯುತ್ತಿದ್ದಳಂತೆ. ಪಾಪ, ಕಲ್ಲವ್ವನಿಗೆ ಊಟವೇ ಸೇರುತ್ತಿರಲಿಲ್ಲ.

ಆ ದೀಪಾವಳಿಗೆ ಪುಣೆಯ ಎಲ್ಲ ಹುಡುಗರಂತೆ ನಾವೂ ಗೊಂಬೆ ಜೋಡಿಸಲು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿದೆವು. ಉಂಡು ಬಂದು ನೋಡಿದರೆ ಕೋಟೆಯ ನೆತ್ತಿಯ ಮೇಲೆ ಹಣೆಗೆ ಕುಂಕುಮ, ತಲೆಗೆ ಚೆಂಡುಹೂ ಇಟ್ಟುಕೊಂಡ ದಪ್ಪನೆಯ ಸಗಣಿಯ ಹೆಂಗಸು! ಮುಂದೆ ಕಲ್ಲವ್ವ ಕೈಮುಗಿದು ನಿಂತಿದ್ದಳು. ನಮ್ಮ ಧಾರವಾಡದ ಕಡೆ ಪಾಡ್ಯಕ್ಕೆ ಸಗಣಿಯ ಹಟ್ಟೆವ್ವನನ್ನು ಮಾಡಿ ಪೂಜಿಸುತ್ತಾರಲ್ಲ, ನಮ್ಮ ಕೋಟೆಯನ್ನು ಆಕೆಯ ಗದ್ದುಗೆ ಎಂದುಕೊಂಡಿದ್ದಳು.

ನನಗೆ ಮೈಯೆಲ್ಲ ಉರಿಯಿತು. ‘ಮಹಾರಾಜರ ಗೊಂಬಿ ಇಡೂ ಜಾಗಾದಾಗ ಇಕಿ ಯಾರು?’

‘ಇರಲಿ ಬಿಡೋ ಅಣ್ಣಾ,’ ಎಂದಳು ತಂಗಿ ಭಾಮಾ. ‘ಸಿಪಾಯಿಗಳಿಗೆ ಹಸಿವು ಆಗೂದಿಲ್ಲೇನು? ಇಕಿ ರೊಟ್ಟಿ ಬಡೀತಾಳ.’

‘ಅಯ್ಯ, ಹಟ್ಟೆವ್ವಗ ಕೆಲಸಾ ಹಚ್ಚಬ್ಯಾಡ್ರಿ!’ ಕಲ್ಲವ್ವ ದೇವಿಯನ್ನು ಎತ್ತಿ ಹೊಸ್ತಿಲಿಗಿಟ್ಟಳು. ‘ರೊಟ್ಟಿ ಬಡಿಯಾಕಿನ್ನ ಬ್ಯಾರೆ ಮಾಡಿಕೊಡ್ತೀನಿ. ಮತ್ತೇನು ಬೇಕು, ಹೇಳ್ರಿ.’

ಕೇಳಬೇಕೆ! ಗೊರಕೆ ಹೊಡೆಯುವ ಕಾವಲುಗಾರ ಬೇಕು, ಮೆಟ್ಟಿಲು ಹತ್ತಲಾರೆನೆಂದು ಕೂತುಬಿಟ್ಟ ಎಮ್ಮೆ ಬೇಕು. ಡೊಳ್ಳುಹೊಟ್ಟೆಯ ಸಿಪಾಯಿಗಳೂ ಬೇಕು, ರೊಟ್ಟಿ ಹೆಚ್ಚು ತಿಂದವರು ಅವರೇ. ನಾನು ಕೂಗಿದೆ, ‘ಗ್ವಾಡಿ ಹತ್ತೂ ಉಡ!’ ಹಗ್ಗ ಕಟ್ಟಿದ ಉಡವನ್ನು ಗೋಡೆಗೆ ಹತ್ತಿಸಿ ಮಹಾರಾಜರ ಸಿಪಾಯಿಗಳು ಕೋಟೆ ಏರಿದ ಕಥೆ ಪುಣೆಯ ಮಕ್ಕಳಿಗೆಲ್ಲ ಬಾಯಿಪಾಠ.

ಕಲ್ಲವ್ವ ಹಸಿಮಣ್ಣಿನಲ್ಲೇ ಉಡದ ಮೂಗಿಗೆ ತೂತು ಮಾಡಿದಳು. ಒಣಗಿದ ಮೇಲೆ ಅದನ್ನು ಎಳೆಯಲು ದಾರ ಸಿಗಲಿಲ್ಲ. ಒಂದು ಗಳಿಗೆ ಆಚೀಚೆ ನೋಡಿ, ಫಕೀರಪ್ಪನ ಗಂಟಿನ ಸುತಳಿಯನ್ನೇ ಬಿಚ್ಚಿದಳು. ಎಳೆದರೆ ಉಡ ಮೇಲೇರದೆ ಗೋಡೆಯನ್ನೇ ಕಿತ್ತಿತು.

‘ಭಾಳ ಭಾರ ಆತು. ಹೊಟ್ಟಿ ಟೊಳ್ಳ ಮಾಡು’ ಎಂದಳು ಭಾಮಾ.

ಟೊಳ್ಳುಹೊಟ್ಟೆಯ ಹೊಸ ಉಡ ಸರಸರ ಹತ್ತಿತು! ನಾವು ಕಿರುಚಿದ ರಭಸಕ್ಕೆ ಪಕ್ಕದ ವಾಡೆಗಳ ಮಕ್ಕಳು ಅಪ್ಪಂದಿರ ಕೈ ಜಗ್ಗಿಕೊಂಡು ಓಡಿಬಂದರು. ಎಲ್ಲರಿಗೂ ಉಡ ಬೇಕು. ಅದರ ಬೆನ್ನಿಗೆ ಎಮ್ಮೆಯೂ ಬೇಕು, ಸಿಪಾಯಿಯೂ ಬೇಕು. ಅಪ್ಪಂದಿರು ದುಡ್ಡು ಕೊಟ್ಟು ಕೊಂಡದ್ದೇ ಕೊಂಡದ್ದು. ಮರುದಿನವೂ ಅದೇ ಗದ್ದಲ. ನನಗಂತೂ ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಹಬ್ಬ ಮುಗಿಯಿತು. ಹೊರಡಲೆಂದು ಬಂದ ಫಕೀರಪ್ಪ ನೋಡಿದರೆ ಗಂಟು ಬಿಚ್ಚಿ ಬಿದ್ದಿದೆ. ‘ಸುತಳಿ ಎಲ್ಲಿ?’

‘ಉಡಗೋಳ ಮೂಗಿಗೆ ಹಾಕೀನ್ರಿ,’ ಎಂದಳು ಕಲ್ಲವ್ವ. ‘ಊರಿಗೆ ಹೋಗಬೇಕಂದ್ರ ಆ ಹುಡುಗರ ಕೈಯಾಗಿಂದ ಕಸಗೊಂಡ ಬರ್ರಿ.’

ಫಕೀರಪ್ಪ ಅಂಗಳದಲ್ಲಿ ಕುಣಿಯುತ್ತಿದ್ದ ನಮ್ಮನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಮಣ್ಣು ಕಲಸಲು ಕೂತ.